ಪಂಕ್ತಿಗೆ ಕೂರುವ ಮುನ್ನ

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದವರು ಪ್ರಣವೇಶ್ವರ ದೇವಾಲಯದ ಮುಂದಿನ ಶಾಸನಕಂಬವನ್ನು ನೋಡದೆ ಹಿಂತಿರುಗುವುದಿಲ್ಲ. ಐದನೇ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಆಳ್ವಿಕೆಯಲ್ಲಿ, ಕುಬ್ಜನೆಂಬ ಕವಿ ಈ ಕಂಬದ ಮೇಲೆ ಸಂಸ್ಕೃತ ಪದ್ಯಗಳಲ್ಲಿ ಕದಂಬರ ವಂಶದ ಕಥೆಯನ್ನು ಕೆತ್ತಿದ. ವೇದಾಧ್ಯಯನಕ್ಕೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ಅವಮಾನ ತಾಳಲಾರದೆ ಕತ್ತಿ ಹಿಡಿದದ್ದು, ರಾಜ್ಯ ಕಟ್ಟಿದ್ದು ಎಲ್ಲವೂ ಅದರಲ್ಲಿದೆ. ಆ ಜಗಳದಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಕವಿ ಕೇಳುವುದಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಶಾಸನ ಇರುವುದೇ ಹೊಗಳಿಕೆಗೆ. ತಾನು ಮಾಡಿದ ತಪ್ಪನ್ನು ಕಲ್ಲಿನ ಮೇಲೆ ಬರೆಸಿದ ಅರಸ ಅಪರೂಪ.

ತನ್ನ ತಪ್ಪನ್ನು ತಾನೇ ಬರೆದಿಟ್ಟುಕೊಳ್ಳುವ ಅಭ್ಯಾಸ ಬೇರೆ ಬಗೆಯದು. ಅದು ಕಾಗದದ ಮೇಲೆ, ಗುಟ್ಟಾಗಿ ನಡೆಯುವಂಥದು. ಕ್ರೈಸ್ತ ಧರ್ಮ ಅದನ್ನು ಒಂದು ಶಿಸ್ತಾಗಿಯೇ ಬೆಳೆಸಿತು. ದಿನಕ್ಕೆ ಎರಡು ಸಲ, ವಾರಕ್ಕೊಮ್ಮೆ, ವರ್ಷಕ್ಕೊಮ್ಮೆ ಎಂದು ಗಡುವು ಹಾಕಿ ಭಕ್ತ ತನ್ನ ಮನಸ್ಸನ್ನು ತಾನೇ ತನಿಖೆ ಮಾಡಿಕೊಳ್ಳಬೇಕೆಂದು ವಿಧಿಸಿತು. ಈ ಅಭ್ಯಾಸ ಕನ್ನಡ ನಾಡಿಗೂ ಬಂತು. ಬಂದ ಮೇಲೆ ಅದು ಎದುರಿಸಿದ ದೊಡ್ಡ ಪರೀಕ್ಷೆ ಕೋಪ, ಲೋಭಗಳದ್ದಾಗಿರಲಿಲ್ಲ. ಯಾರ ಜೊತೆ ಕೂತು ಉಣ್ಣುತ್ತೀಯೆ ಎಂಬುದೇ ಆ ಪರೀಕ್ಷೆಯಾಗಿತ್ತು.

ಇದನ್ನು ಹೇಳಲು ತಾಳಗುಂದದಿಂದ ಹೊರಟದ್ದಕ್ಕೆ ಕಾರಣವಿದೆ. ತಾಳಗುಂದದ ನೆರೆಯಲ್ಲೇ ಬಳ್ಳಿಗಾವಿ ಇದೆ. ಅಲ್ಲಮಪ್ರಭುವಿನ ಊರೆಂದು ಪ್ರಸಿದ್ಧಿ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಆ ಮಠದಲ್ಲಿ ಯಾರು ಯಾರಿಗೆ ಅನ್ನ ದೊರೆಯುತ್ತಿತ್ತು ಎಂದು ಪಟ್ಟಿ ಮಾಡುತ್ತದೆ. ದೀನರು, ಕುಂಟರು, ಕುರುಡರು, ಹಾಡುವವರು, ಕಥೆ ಹೇಳುವವರು, ನಾನಾ ಪಂಥದ ಸನ್ಯಾಸಿಗಳು, ಜೈನ ಕ್ಷಪಣಕರು ಕೂಡ ಅದರಲ್ಲಿದ್ದಾರೆ. ಒಂದು ಧಾರ್ಮಿಕ ಸಂಸ್ಥೆ ತನ್ನ ಹಿರಿಮೆಯನ್ನು ಅಳೆದುಕೊಂಡದ್ದು ತನ್ನಲ್ಲಿ ಉಣ್ಣುವವರ ಪಟ್ಟಿಯಿಂದ!

ಅಲ್ಲಮ, ಅಕ್ಕ ಮತ್ತು ಅವರ ಜೊತೆಗಾರರು ಬಳಸಿದ ಶಬ್ದಗಳೇ ಮುಂದೆ ಕನ್ನಡ ಕ್ರೈಸ್ತರಿಗೂ ಒದಗಿದವು. ಕೆಥೊಲಿಕರು ನಲವತ್ತು ದಿನಗಳ ವ್ರತವನ್ನು ‘ತಪಸ್ಸುಕಾಲ’ ಎನ್ನುತ್ತಾರೆ. ಹಣೆಗೆ ಬೂದಿ ಹಚ್ಚಿಸಿಕೊಂಡು ಅದನ್ನು ಆರಂಭಿಸುವ ದಿನ ‘ವಿಭೂತಿ ಬುಧವಾರ’. ಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿ ‘ಪರಮಪ್ರಸಾದ’. ವಿಭೂತಿ, ಪ್ರಸಾದ ಎರಡೂ ಶರಣರ ಅಷ್ಟಾವರಣದ ಮಾತುಗಳೆಂದು ಓದುಗರಿಗೆ ಹೇಳಬೇಕಾಗಿಲ್ಲ. ಬೈಬಲನ್ನು ಕನ್ನಡಕ್ಕೆ ತಂದವರು ಒಳಗಿನ ಸಾಕ್ಷಿಗೆ ‘ಮನಸ್ಸಾಕ್ಷಿ’ ಎಂಬ ಮಾತನ್ನು ಹಿಡಿದರು. ಪರದೇಶದ ಅಭ್ಯಾಸಕ್ಕೆ ಊರಿನ ಮಾತು ಸಿಕ್ಕಿತು. ಊರಿನ ಪಂಕ್ತಿಭೇದವೂ ಅದರ ಜೊತೆಗೇ ಸಿಕ್ಕಿತು ಎನ್ನುವುದು ಈ ಕಥೆಯ ತೊಡಕು.

ಕೊರಿಂಥದ ಊಟ

ಆತ್ಮಶೋಧನೆಗೆ ಕ್ರೈಸ್ತರು ಸಾಮಾನ್ಯವಾಗಿ ಆಧಾರವೆಂದು ತೋರಿಸುವುದು ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ಹನ್ನೊಂದನೇ ಅಧ್ಯಾಯವನ್ನು. ಕ್ರಿ.ಶ. 55ರ ಆಸುಪಾಸಿನ ಪತ್ರವಿದು. ರೊಟ್ಟಿಯನ್ನು ತಿಂದು ಪಾತ್ರೆಯಲ್ಲಿ ಕುಡಿಯುವ ಮುಂಚೆ ಪ್ರತಿಯೊಬ್ಬನೂ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ ಎಂಬುದು ಅದರ ಸೂಚನೆ. ಆದರೆ ಪೌಲನಿಗೆ ಆ ಮಾತು ಹೇಳುವ ಪ್ರಸಂಗ ಏಕೆ ಬಂತೆಂಬುದನ್ನು ನೋಡಬೇಕು. ಕೊರಿಂಥದ ಕ್ರೈಸ್ತರು ಯೇಸುವಿನ ಕಡೆಯ ಊಟದ ನೆನಪಿಗೆಂದು ಒಟ್ಟಾಗಿ ಉಣ್ಣುತ್ತಿದ್ದರು. ಅಲ್ಲಿ ಅನುಕೂಲವುಳ್ಳವರು ತಾವು ತಂದದ್ದನ್ನು ಮೊದಲೇ ತಿಂದು ಮುಗಿಸುತ್ತಿದ್ದರು. ಇಲ್ಲದವರು ಹಸಿದುಕೊಂಡು ನೋಡುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು. ಪೌಲನ ಸಿಟ್ಟು ಇದರ ಮೇಲೆ. ಅಂದರೆ ಎರಡು ಸಾವಿರ ವರ್ಷಗಳಿಂದ ಒಂಟಿ ಕೋಣೆಯ ಸಾಧನೆಯೆಂದು ಬೋಧಿಸಲಾಗುತ್ತಿರುವ ಈ ಪರೀಕ್ಷೆ ಹುಟ್ಟಿದ್ದು ಒಂದು ಊಟದ ಪಂಕ್ತಿಯಲ್ಲಿ.

ಕಾಲಕ್ರಮದಲ್ಲಿ ಊಟ ಹಿಂದೆ ಸರಿದು ಪರೀಕ್ಷೆಯೇ ಮುಂದೆ ಬಂತು. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೆ ಒಮ್ಮೆಯಾದರೂ ಪಾದ್ರಿಯ ಮುಂದೆ ಪಾಪನಿವೇದನೆ ಮಾಡುವುದನ್ನು ಕಡ್ಡಾಯ ಮಾಡಿತು. ಅದಕ್ಕೆ ಸಿದ್ಧತೆಯಾಗಿ ಮನಸ್ಸನ್ನು ಶೋಧಿಸಿಕೊಳ್ಳುವ ಕ್ರಮಗಳೂ ಪಟ್ಟಿಗಳೂ ಬೆಳೆದವು. ಇದನ್ನು ದಿನಚರಿಯ ಮಟ್ಟಕ್ಕೆ ತಂದವರಲ್ಲಿ ಮುಖ್ಯನಾದವನು ಯೇಸು ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ.

1548ರಲ್ಲಿ ಪೋಪರ ಸಮ್ಮತಿ ಪಡೆದು ಅಚ್ಚಾದ ಅವನ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿಯನ್ನು ತೆರೆದರೆ ಒಂದು ವಿಚಿತ್ರ ಚಿತ್ರ ಕಾಣುತ್ತದೆ. ಒಂದರ ಕೆಳಗೊಂದು ಗೆರೆಗಳು, ವಾರದ ಒಂದೊಂದು ದಿನಕ್ಕೆ ಒಂದೊಂದು. ಬಿಟ್ಟುಬಿಡಬೇಕಾದ ಒಂದು ದುರ್ಗುಣವನ್ನು ಆರಿಸಿಕೊಂಡು, ಮಧ್ಯಾಹ್ನದ ಊಟದ ನಂತರ ಮತ್ತು ರಾತ್ರಿಯೂಟದ ನಂತರ ಹಿಂದಿನ ಗಂಟೆಗಳನ್ನು ಒಂದೊಂದಾಗಿ ನೆನೆದು, ಎಷ್ಟು ಸಲ ಎಡವಿದೆನೋ ಅಷ್ಟು ಚುಕ್ಕೆಗಳನ್ನು ಆ ಗೆರೆಯ ಮೇಲೆ ಇಡಬೇಕು. ಮಧ್ಯಾಹ್ನದ್ದನ್ನು ರಾತ್ರಿಯದ್ದರೊಂದಿಗೆ, ಈ ದಿನದ್ದನ್ನು ನಾಳಿನದ್ದರೊಂದಿಗೆ, ಈ ವಾರವನ್ನು ಮುಂದಿನ ವಾರದೊಂದಿಗೆ ಹೋಲಿಸಬೇಕು. ವಾರ ಮುಂದುವರಿದಂತೆ ತಪ್ಪು ಕಡಿಮೆಯಾದೀತೆಂಬ ಭರವಸೆಯೋ ಏನೋ, ಗೆರೆಗಳೂ ಚಿಕ್ಕದಾಗುತ್ತ ಹೋಗುತ್ತವೆ. ತಪ್ಪಿದ ಕ್ಷಣದಲ್ಲೇ ಎದೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ನಾಲ್ಕು ಜನರ ನಡುವೆ ಇದ್ದರೂ ಬೇರೆಯವರಿಗೆ ತಿಳಿಯದ ಹಾಗೆ ಇದನ್ನು ಮಾಡಬಹುದು ಎಂದೂ ಅವನು ಹೇಳುತ್ತಾನೆ. ಅಂಗಡಿಯ ದಿನವಹಿ ಲೆಕ್ಕದ ಪುಸ್ತಕವನ್ನು ನೆನಪಿಸುವ ಈ ಪದ್ಧತಿಯನ್ನು ನೋಡಿ ನಗು ಬಂದರೂ, ಅದರ ಹಿಂದಿನ ಮನೋವಿಜ್ಞಾನ ಗಟ್ಟಿಯಾದದ್ದು ಎಂದು ಒಪ್ಪಬೇಕು.

ಚುಕ್ಕೆಯಿಡದ ತಪ್ಪು

ಈ ಶಿಸ್ತಿನಲ್ಲಿ ಪಳಗಿದ ಇಟಲಿಯ ಲಿಯೊನಾರ್ಡೊ ಚಿನ್ನಮಿ 1648ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದ. ಕನ್ನಡ ಕಲಿತು ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಬರೆದ. ಮಧುರೆಯಲ್ಲಿ ರಾಬರ್ಟೊ ಡಿ ನೊಬಿಲಿ ಹಾಕಿಕೊಟ್ಟ ದಾರಿಯಲ್ಲಿ ನಡೆದು ಸನ್ಯಾಸಿಯ ಉಡುಪು ಧರಿಸಿದ. ಮೇಲ್ಜಾತಿಯವರು ದೂರ ಸರಿಯಬಾರದೆಂಬುದು ಇದರ ಉದ್ದೇಶ. ಈ ಮಾರ್ಗದಲ್ಲಿ ಅಸ್ಪೃಶ್ಯರೆನಿಸಿಕೊಂಡ ಕ್ರೈಸ್ತರಿಗೆ ಬೇರೆ ಪ್ರಾರ್ಥನಾ ಸ್ಥಳ, ಬೇರೆ ಗುರುಗಳು. ಮಧುರೆಯ ಮಿಷನ್‌ನಲ್ಲಂತೂ ಬ್ರಾಹ್ಮಣ ಸನ್ಯಾಸಿ ವೇಷದ ಪಾದ್ರಿಗಳು, ಕೆಳಜಾತಿಯವರಿಗಾಗಿ ‘ಪಂಡಾರಸ್ವಾಮಿ’ಗಳು ಎಂದು ಎರಡು ವರ್ಗಗಳೇ ಆದವು.

ಈ ಪಾದ್ರಿಗಳು ಅಪ್ರಾಮಾಣಿಕರೆಂದು ಯಾರೂ ಹೇಳಲಾರರು. ಯೂರೋಪಿನ ಸುಖ ಬಿಟ್ಟು ಅನ್ನ ತರಕಾರಿ ತಿಂದುಕೊಂಡು, ಬಿಸಿಲಿನಲ್ಲಿ ನಡೆದು ಸವೆದವರು ಅವರು. ದಿನಕ್ಕೆರಡು ಸಲ ತಮ್ಮನ್ನು ಶೋಧಿಸಿಕೊಂಡವರು. ಆದರೆ ಕಾಯಿಲೆ ಬಿದ್ದ ಬಡವನ ಗುಡಿಸಲಿಗೆ ಹೋಗದೆ ಇದ್ದದ್ದಕ್ಕೆ ಆ ಗೆರೆಯ ಮೇಲೆ ಚುಕ್ಕೆ ಇಡಬೇಕೆಂದು ಅವರ ಪದ್ಧತಿ ಹೇಳುತ್ತಿರಲಿಲ್ಲ. ಅದನ್ನು ಹೊರಗಿನವರು ಹೇಳಬೇಕಾಯಿತು. ಪೋಪರ ಪ್ರತಿನಿಧಿಯಾಗಿ ಪುದುಚೇರಿಗೆ ಬಂದಿದ್ದ ಡಿ ಟೂರ್ನಾನ್ 1704ರಲ್ಲಿ, ರೋಗಿಗಳಾದ ಅಸ್ಪೃಶ್ಯ ಕ್ರೈಸ್ತರ ಮನೆಗೆ ಹೋಗಿ ಸಂಸ್ಕಾರ ನೀಡಲು ಪಾದ್ರಿಗಳು ಹಿಂಜರಿಯಕೂಡದೆಂದು ಆದೇಶ ಹೊರಡಿಸಿದ. ನಲವತ್ತು ವರ್ಷಗಳ ವಾದವಿವಾದದ ನಂತರ 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟರು ಈ ವಿಷಯದಲ್ಲಿ ಕೊನೆಯ ತೀರ್ಪು ಕೊಟ್ಟರು. ಆಗಲೂ ಅಸ್ಪೃಶ್ಯರಿಗಾಗಿಯೇ ಪ್ರತ್ಯೇಕ ಪಾದ್ರಿಗಳನ್ನು ನೇಮಿಸುವ ಏರ್ಪಾಡು ಉಳಿದುಕೊಂಡಿತು. ಇತ್ತ ಗೋವೆಯಿಂದ ಕೆನರಾ ಕರಾವಳಿಗೆ ಬಂದು ನೆಲೆಸಿದ ಕೊಂಕಣಿ ಕೆಥೊಲಿಕರಲ್ಲಿ ಬಾಮಣ, ಚಾರೊಡಿ, ಶೂದಿರ ಎಂಬ ಭೇದಗಳು ತಲೆಮಾರುಗಳ ಕಾಲ ಹಾಗೆಯೇ ನಡೆದುಬಂದವು.

ಯೇಸು ಸಭೆಯನ್ನು 1773ರಲ್ಲಿ ರದ್ದುಪಡಿಸಿದ ಬಳಿಕ ಮೈಸೂರಿನ ಹೊಣೆ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಗೆ ಬಂತು. ಆ ಸಂಸ್ಥೆಯ ಪಾದ್ರಿ ಅಬ್ಬೆ ದುಬ್ವಾನ ಹೆಸರು ನಮ್ಮಲ್ಲಿ ಪರಿಚಿತವೇ. 1792ರಲ್ಲಿ ಭಾರತಕ್ಕೆ ಬಂದ ಆತ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದ. ಹಾಸನದ ಕಡೆಯ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟ. ಸಿಡುಬಿನ ಲಸಿಕೆ ಹೊಸದಾಗಿ ಬಂದ ಕಾಲದಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದ.

ಮೂವತ್ತೊಂದು ವರ್ಷಗಳ ಬಳಿಕ, 1823ರಲ್ಲಿ, ದುಬ್ವಾ ಫ್ರಾನ್ಸಿಗೆ ಮರಳಿದ. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತ ಧರ್ಮದ ಸ್ಥಿತಿಗತಿ ಕುರಿತ ಅವನ ಪತ್ರಗಳು ಪ್ರಕಟವಾದವು. ತನ್ನ ಬಾಳಿನ ದುಡಿಮೆಯ ಬಗ್ಗೆ ಒಬ್ಬ ಮಿಷನರಿ ಇಷ್ಟು ನಿಷ್ಠುರವಾಗಿ ಬರೆದದ್ದು ಅಪರೂಪ. ಇಪ್ಪತ್ತೈದು ವರ್ಷಗಳಲ್ಲಿ, ಒಬ್ಬ ದೇಶೀ ಸಹಾಯಕನೊಂದಿಗೆ ಸೇರಿ, ತಾನು ಮತಾಂತರ ಮಾಡಿದ್ದು ಇನ್ನೂರರಿಂದ ಮುನ್ನೂರು ಜನರನ್ನು ಮಾತ್ರ ಎಂದು ಆತ ಒಪ್ಪಿಕೊಂಡ. ಹಿಂದೂಗಳನ್ನು ಕ್ರೈಸ್ತರಾಗಿಸುವುದು ಆಗದ ಕೆಲಸವೆಂದ. ಯೂರೋಪಿಯನ್ನರ ನಡತೆಯೇ ಜನರಿಗೆ ಈ ಧರ್ಮದ ಬಗ್ಗೆ ಹೇಸಿಗೆ ಹುಟ್ಟಿಸಿತೆಂದ. ಪ್ರೊಟೆಸ್ಟೆಂಟ್ ಪಾದ್ರಿಗಳು ಕೆರಳಿದರು. ಮರುವರ್ಷವೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮೊದಲಾದವರು ಉತ್ತರವಾಗಿ ಪುಸ್ತಕಗಳನ್ನೇ ಬರೆದರು.

ಈ ಪ್ರಾಮಾಣಿಕತೆಯನ್ನು ಮೆಚ್ಚುತ್ತಲೇ ಎರಡು ಮಾತು ಹೇಳಬೇಕು. ತನ್ನ ಸೋಲಿನ ಪುರಾವೆಯಾಗಿ ದುಬ್ವಾ ಎತ್ತಿ ತೋರಿಸಿದ್ದು, ಬಂದವರಲ್ಲಿ ಮೂರನೇ ಎರಡು ಪಾಲು ಅಸ್ಪೃಶ್ಯರು ಇಲ್ಲವೇ ಭಿಕ್ಷುಕರು ಎಂಬುದನ್ನು! ಕೊರಿಂಥದಲ್ಲಿ ಹಸಿದು ನಿಂತವರ ಪರವಾಗಿ ಪೌಲ ಸಿಟ್ಟಾಗಿದ್ದ. ಇಲ್ಲಿ ಹಸಿದವರು ಬಂದದ್ದೇ ನಷ್ಟದ ಕಡೆ ಲೆಕ್ಕವಾಯಿತು. ಜಾತಿಪದ್ಧತಿಯನ್ನು ಹಿಂದೂ ಶಾಸನಕಾರರ ಶ್ರೇಷ್ಠ ರಚನೆಯೆಂದು ಬಗೆದಿದ್ದ ಅವನಿಗೆ ಇದು ವಿಚಿತ್ರವಾಗಿ ಕಂಡಿರಲಾರದು. ಇನ್ನೊಂದು ಸಂಗತಿ ಬಹಳ ತಡವಾಗಿ ಹೊರಬಿತ್ತು. ಅವನಿಗೆ ಜಗತ್ಪ್ರಸಿದ್ಧಿ ತಂದ, ಈಸ್ಟ್ ಇಂಡಿಯಾ ಕಂಪನಿ ಹಣ ಕೊಟ್ಟು ಕೊಂಡ, ಹಿಂದೂ ಆಚಾರ ವಿಚಾರಗಳ ಗ್ರಂಥದ ಬಹುಭಾಗ ಅವನದಲ್ಲವೆಂದೂ, ಹಿಂದಿನ ತಲೆಮಾರಿನ ಯೇಸು ಸಭೆಯ ಪಾದ್ರಿ ಕೂರ್ದೂ ಬರೆದಿಟ್ಟಿದ್ದ ಹಸ್ತಪ್ರತಿಯಿಂದ ಬಂದದ್ದೆಂದೂ 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ಸೋಲನ್ನು ಲೋಕದ ಮುಂದೆ ಒಪ್ಪಿಕೊಂಡವನು ಸಾಲವನ್ನು ಒಪ್ಪಿಕೊಂಡಿರಲಿಲ್ಲ.

ಡೈರಿ, ಚೀಟಿ, ಕಾರ್ಖಾನೆ

ಪ್ರೊಟೆಸ್ಟೆಂಟರಲ್ಲಿ ಪಾದ್ರಿಯ ಕಿವಿಗೆ ಹೇಳುವ ಪಾಪನಿವೇದನೆ ಹಿಂದೆ ಬಿತ್ತು. ಅದರ ಜಾಗಕ್ಕೆ ಡೈರಿ ಬಂತು. ಜರ್ಮನಿಯಲ್ಲಿ 1675ರಲ್ಲಿ ಸ್ಪೇನರ್ ಎಂಬ ಧರ್ಮಗುರು ಬರೆದ ಪುಸ್ತಕದಿಂದ ಹಬ್ಬಿದ ಪಯೆಟಿಸಂ ಎಂಬ ಭಕ್ತಿ ಚಳವಳಿ ಪ್ರತಿಯೊಬ್ಬನೂ ತನ್ನ ಒಳಬಾಳಿನ ಕಥೆಯನ್ನು ತಾನೇ ಹೇಳಬೇಕೆಂದು ಬಯಸಿತು. 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಈ ಚಳವಳಿಯ ಕೂಸು. ಅದರ ಶಾಲೆಗೆ ಸೇರಬಯಸುವ ರೈತರ, ಕುಶಲಕರ್ಮಿಗಳ ಮಕ್ಕಳು ತಮ್ಮ ಆತ್ಮಕಥೆಯೊಂದನ್ನು ಬರೆದು ಸಲ್ಲಿಸಬೇಕಿತ್ತು: ಎಲ್ಲಿ ಹುಟ್ಟಿದೆ, ಯಾವ ಪಾಪದಲ್ಲಿ ಬಿದ್ದೆ, ಹೇಗೆ ಎಚ್ಚೆತ್ತೆ ಎಂದು. ಆ ಬರಹಗಳು ಬಾಸೆಲ್ಲಿನ ದಫ್ತರದಲ್ಲಿ ಉಳಿದಿವೆ. ಮನಸ್ಸಿನ ಪರೀಕ್ಷೆ ಇಲ್ಲಿ ಅಕ್ಷರಶಃ ಪ್ರವೇಶಪರೀಕ್ಷೆಯಾಯಿತು.

ಇಂಥವರಲ್ಲಿ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ ಬಂದ ಹೆರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮದ ಆದಿಪುರುಷನಾದದ್ದು ಎಲ್ಲರಿಗೂ ಗೊತ್ತು. ಅದೇ ಮೊಗ್ಲಿಂಗ್ 1850ರಲ್ಲಿ ಹರಿದಾಸರ ಪದಗಳನ್ನು ಅಚ್ಚು ಹಾಕಿಸಿದ. ತನ್ನ ಮನಸ್ಸನ್ನು ತಾನೇ ಬೈದುಕೊಳ್ಳುವ ದಾಸರ ಪದಗಳಲ್ಲಿ ಡೈರಿ ಬರೆಯುವ ಜರ್ಮನ್ ಪಾದ್ರಿಗೆ ಏನೋ ಪರಿಚಿತವಾದದ್ದು ಕಂಡಿರಬೇಕು ಎಂಬುದು ನನ್ನ ಊಹೆ.

ಇಂಗ್ಲೆಂಡಿನ ಜಾನ್ ವೆಸ್ಲಿಯದು ಇನ್ನೊಂದು ದಾರಿ. ತರುಣನಾಗಿದ್ದಾಗ ಗಂಟೆಗಂಟೆಗೂ ತನ್ನ ಮನಃಸ್ಥಿತಿಯನ್ನು ಗುಪ್ತಲಿಪಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದವನು ಆತ. 1742ರಲ್ಲಿ ಬ್ರಿಸ್ಟಲ್‌ನ ಅವನ ಮಂದಿರದ ಮೇಲೆ ಸಾಲವಿತ್ತು. ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೊಬ್ಬ ಮುಖಂಡ ಮನೆಮನೆಗೆ ಹೋಗಿ ವಾರಕ್ಕೆ ಒಂದು ಪೆನ್ನಿ ವಸೂಲು ಮಾಡಲಿ ಎಂದು ಯಾರೋ ಸೂಚಿಸಿದರು. ಹಣಕ್ಕೆ ಹೋದವನಿಗೆ ಮನೆಯ ಜಗಳ, ಕುಡಿತ ಎಲ್ಲ ಕಣ್ಣಿಗೆ ಬಿತ್ತು. ವಸೂಲಿಯ ಗುಂಪು ಆತ್ಮಶೋಧನೆಯ ಗುಂಪಾಯಿತು. ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ, ಯೋಗ್ಯರಿಗೆ ಚೀಟಿ ಕೊಡುವ ಪದ್ಧತಿಯೂ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ಬೆಂಗಳೂರು, ಗುಬ್ಬಿ, ಮೈಸೂರು, ಶಿವಮೊಗ್ಗಗಳಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ ಈ ಪರಂಪರೆಯದು.

ಮಂಗಳೂರಿನಲ್ಲಿ 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಗದ್ದಲವೆದ್ದಿತು. ಹೆಂಡತಿ ತವರಿನ ಕಡೆಯೇ ಉಳಿದಳು. ಆತ ಬಾಸೆಲ್ಲಿಗೆ ಹೋಗಿ ಓದಿ, ಪಾದ್ರಿಯಾಗಿ 1851ರಲ್ಲಿ ಮರಳಿದ. ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಬಿಗಿಯಾಗಿತ್ತು. 1850ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನ ಅಂಗೀಕರಿಸಿದ ನಿರ್ಣಯದ ಸಾರವೂ ಅದೇ: ಬೇರೆ ಜಾತಿಯವನು ಅಟ್ಟ ಅಡಿಗೆಯನ್ನು ಉಣ್ಣಲೊಪ್ಪದವನು ಕ್ರೈಸ್ತನಾಗಲು ಸಿದ್ಧನಾಗಿಲ್ಲ. ಕೌಂಡಿನ್ಯ ಆ ಪರೀಕ್ಷೆಯನ್ನು ತುತ್ತಿನ ಮಟ್ಟಕ್ಕೆ ನಿಲ್ಲಿಸಲಿಲ್ಲ. ಕೊಡಗಿನಲ್ಲಿ ಕ್ರೈಸ್ತರಾದ ಜೀತದಾಳುಗಳಿಗೆ, ಇಂದು ನಾವು ದಲಿತರೆನ್ನುವ ಕುಟುಂಬಗಳಿಗೆ, ಕಾಫಿ ತೋಟದ ಸುತ್ತ ಒಂದು ನೆಲೆ ಕಟ್ಟಿದ. ಆನಂದಪುರ ಎಂಬುದು ಅದರ ಹೆಸರು.

ಆದರೆ ಎಲ್ಲರಿಗೂ ಕೌಂಡಿನ್ಯನ ಅನುಕೂಲ ಇರಲಿಲ್ಲ. ಜಾತಿಯಿಂದ ಹೊರಬಿದ್ದವನಿಗೆ ಕೂಲಿಯೂ ಇಲ್ಲ, ಮನೆಯೂ ಇಲ್ಲ. ಅದಕ್ಕೇ ಮಿಷನ್ 1851ರಲ್ಲಿ ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಕರಾವಳಿಯ ಮಾಡುಗಳನ್ನೇ ಬದಲಿಸಿದ ಮಂಗಳೂರು ಹೆಂಚಿನ ಹುಟ್ಟು ಇಲ್ಲಿದೆ. ಒಂದು ತೊಡಕು ಮಾತ್ರ ಉಳಿಯಿತು. ಕೆಲಸ ಕೊಡುವುದೂ ಮಿಷನ್, ಬಾಡಿಗೆ ಮನೆ ಕೊಡುವುದೂ ಮಿಷನ್, ಪ್ರಭುಭೋಜನಕ್ಕೆ ಮುಂಚೆ ನಿನ್ನ ನಡತೆ ಹೇಗಿದೆ ಎಂದು ವಿಚಾರಿಸುವುದೂ ಮಿಷನ್. ಕುಡಿದವನನ್ನೋ ಹಳೆಯ ಪೂಜೆಗೆ ಹೋದವನನ್ನೋ ಪ್ರಭುಭೋಜನದಿಂದ ದೂರವಿಡುವ ಸಭಾಶಿಸ್ತು ಜಾರಿಯಲ್ಲಿತ್ತು. ಅನ್ನದ ಯಜಮಾನನ ಮುಂದೆ ಯಾರು ತಾನೇ ಮನಸ್ಸು ಬಿಚ್ಚಿ ತಪ್ಪು ಹೇಳಿಕೊಂಡಾರು? ಇಗ್ನೇಷಿಯಸ್ಸನ ಚುಕ್ಕೆಗಳನ್ನು ನೋಡುವ ಕಣ್ಣು ಇಟ್ಟವನದೊಂದೇ ಆಗಿತ್ತು. ಇಲ್ಲಿ ಲೆಕ್ಕದ ಪುಸ್ತಕ ಬೇರೆಯವರ ಕೈಯಲ್ಲಿತ್ತು.

ಇಪ್ಪತ್ತನೇ ಶತಮಾನದಲ್ಲಿ ಚೀಟಿಗಳೂ ಬಿಗಿ ಸಭಾಶಿಸ್ತೂ ಸಡಿಲವಾದವು. 1947ರಲ್ಲಿ ಹಲವು ಪಂಗಡಗಳು ಸೇರಿ ದಕ್ಷಿಣ ಭಾರತ ಸಭೆ ಆದಾಗ, ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆ ಹೊಸ ಸಭೆಗೂ ಬಂತು. ಹೊಸ ವರ್ಷದ ಹೊಸ್ತಿಲಲ್ಲಿ ಇಡೀ ಸಭೆ ಎದ್ದುನಿಂತು, ಕಳೆದ ವರ್ಷವನ್ನು ನೆನೆದು, ದೇವರೊಂದಿಗಿನ ಒಡಂಬಡಿಕೆಯನ್ನು ನವೀಕರಿಸುವ ಪದ್ಧತಿ ಅದು. ಕೆಥೊಲಿಕರ ಕಡೆ, ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕನ್ನಡಕ್ಕೆ ತಿರುಗಿತು. 1988ರಲ್ಲಿ ಶಿವಮೊಗ್ಗವೇ ಪ್ರತ್ಯೇಕ ಧರ್ಮಕ್ಷೇತ್ರವಾಯಿತು.

ಚುಕ್ಕೆಯಿಡದೆ ಬಿಟ್ಟ ತಪ್ಪಿನ ವಿಷಯ 2016ರಲ್ಲಿ ಮತ್ತೆ ಬಂತು. ಆ ವರ್ಷದ ಡಿಸೆಂಬರಿನಲ್ಲಿ ಭಾರತದ ಕೆಥೊಲಿಕ್ ಬಿಷಪ್ಪರ ಸಮ್ಮೇಳನ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ತನ್ನ ಸಭೆಯೊಳಗೆ ಅಸ್ಪೃಶ್ಯತೆ ಇದೆಯೆಂದೂ ಸಭೆಯ ನಾಯಕತ್ವದಲ್ಲಿ ದಲಿತರು ತೀರ ಕಡಿಮೆಯೆಂದೂ ಬರವಣಿಗೆಯಲ್ಲೇ ಒಪ್ಪಿಕೊಂಡಿತು. ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಆಗ ಸುಮಾರು 368 ವರ್ಷಗಳಾಗಿದ್ದವು. ದಲಿತ ಕ್ರೈಸ್ತರಿಗೆ 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಕೊಟ್ಟಿರಲಿಲ್ಲ. ಅದೇ ಸ್ಥಾನ ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ದೊರೆಯಿತು. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂಬ ವಾದವೇ ಈ ನಿರಾಕರಣೆಯ ಬುಡದಲ್ಲಿತ್ತು.

ಕೆಥೊಲಿಕ್ ಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ಹೇಳುವ ತಪ್ಪೊಪ್ಪಿಗೆಯ ಪ್ರಾರ್ಥನೆಯೊಂದಿದೆ. ಶತಮಾನಗಳಿಂದ ಅದರಲ್ಲಿ ಆಲೋಚನೆ, ಮಾತು, ಕೃತಿಗಳಿಂದ ಮಾಡಿದ ಪಾಪಗಳ ಪ್ರಸ್ತಾಪ ಮಾತ್ರ ಇತ್ತು. 1970ರ ಪರಿಷ್ಕೃತ ಪೂಜಾಗ್ರಂಥ ನಾಲ್ಕನೆಯದೊಂದನ್ನು ಸೇರಿಸಿತು: ಮಾಡಬೇಕಾಗಿದ್ದು ಮಾಡದೆ ಬಿಟ್ಟದ್ದು. ಈ ಪ್ರಾರ್ಥನೆಗೆ ಮುಂಚೆ ಪಾದ್ರಿ ಕೆಲವು ಕ್ಷಣ ಸುಮ್ಮನಾಗುತ್ತಾರೆ. ಮಕ್ಕಳು ಅತ್ತಿತ್ತ ನೋಡುತ್ತವೆ, ಯಾರೋ ಕೆಮ್ಮುತ್ತಾರೆ. ಆಮೇಲೆ ಪ್ರಾರ್ಥನೆ ಶುರುವಾಗುತ್ತದೆ. ಪರಮಪ್ರಸಾದಕ್ಕಾಗಿ ಎಲ್ಲರೂ ಸಾಲು ನಿಲ್ಲುವುದಕ್ಕೆ ಇನ್ನೂ ಅರ್ಧ ಗಂಟೆಯಾದರೂ ಇರುತ್ತದೆ.